ಕಾದು ಕೂರುವ ನೀರುದೋಸೆ

ನೀರುದೋಸೆಗೆ ತಾಳ್ಮೆ ಇಲ್ಲ. ಕಾವಲಿಯಿಂದ ಎಬ್ಬಿಸಿ, ಮಡಚಿ ತಟ್ಟೆಗೆ ಹಾಕಿದ ಗಳಿಗೆಯಲ್ಲಿ ಅದರ ಮೈಮೇಲೆ ಒಂದು ಒದ್ದೆ ಹೊಳಪು ಇರುತ್ತದೆ, ತಟ್ಟೆಯ ಅಂಚಿನ ನೀಲಿ ಗೆರೆ ಪದರದಡಿಯಿಂದ ಅರೆಬರೆ ಕಾಣುತ್ತದೆ. ಪಕ್ಕದಲ್ಲಿ ಕೂತು ತಿನ್ನುವವರಿಗೆ ಅಷ್ಟು ಹೊತ್ತು ಸಾಕು. ಸ್ವಲ್ಪ ಬಿಟ್ಟರೆ ಅಂಚು ಒಣಗಿ ಸುರುಟುತ್ತದೆ, ಪದರಗಳು ಒಂದಕ್ಕೊಂದು ಅಂಟುತ್ತವೆ, ಹೊಳಪು ಸತ್ತು ಹೋಗುತ್ತದೆ. ಫೋಟೊ ತೆಗೆಯುವವರಿಗಾದರೋ ಬೇಕಾದದ್ದು ಬೇರೆ. ಲೈಟ್ ನಿಲ್ಲಿಸಬೇಕು, ಎಡಗಡೆಯ ನೆರಳು ಕಪ್ಪಾಯಿತೆಂದು ಬಿಳಿ ಥರ್ಮೋಕೋಲ್ ಹಲಗೆ ಆನಿಸಬೇಕು, ಹಿಂದಿರುವ ತೆಂಗಿನಕಾಯಿ ಹೋಳನ್ನು ಎರಡು ಬೆರಳು ಆಚೆ ಸರಿಸಬೇಕು, ಸರಿಸಿದ್ದು ಹೆಚ್ಚಾಯಿತೆಂದು ಮತ್ತೆ ಒಂದು ಬೆರಳು ಈಚೆ ತರಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ದೋಸೆ ಒಣಬಟ್ಟೆಯಾಗಿರುತ್ತದೆ.

ನಾನು ಮಾಡುವುದು ಅಲ್ಲಿ ಕಾದು ಕೂರುವ ದೋಸೆ. ಸ್ಟುಡಿಯೊದವರ ಬಾಯಲ್ಲಿ ಅದಕ್ಕೆ ‘ಡಮ್ಮಿ’ ಎನ್ನುವ ಹೆಸರು. ಮಂಗಳೂರಿನಲ್ಲಿ ಈಗ ಹೋಟೆಲಿನವರಿಗೆ, ಬೇಕರಿಯವರಿಗೆ, ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರಿಗೆ ಎಲ್ಲರಿಗೂ ಒಳ್ಳೆಯ ಫೋಟೊ ಬೇಕು. ಫೋನಿನಲ್ಲೇ ಊಟ ತರಿಸುವ ಕಾಲ. ಪಾತ್ರೆ ಮಾರುವವರಿಗೆ ಪಾತ್ರೆಯೊಳಗೆ ಏನಾದರೂ ಇರಬೇಕು, ಸೀರೆಯ ಜಾಹೀರಾತಿನ ಹಿಂದೆ ಹಬ್ಬದ ಎಲೆ ಕಾಣಬೇಕು. ಅಂಥಲ್ಲೆಲ್ಲ ಡಮ್ಮಿಗೆ ಕೆಲಸ. ಬಿಜೈಯ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಗಾಜಿನ ಬಾಗಿಲಿನ ಕಪಾಟು ತುಂಬ ಗೋಳಿಬಜೆ, ಬನ್ಸ್, ಮೂಡೆ, ಹುರಿದ ಕಾಣೆ ಇವೆ. ಒಂದೂ ತಿನ್ನುವಂಥದ್ದಲ್ಲ.

ಈ ಕೆಲಸವನ್ನು ಹೇಳಿಕೊಡುವ ವಿಡಿಯೊಗಳೆಲ್ಲ ಒಣಹವೆಯ ಊರುಗಳವು. ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ಒಂದು ಪಾಲು ನೀರು ಕಲಸಿ ಬನ್ ಮಾಡಿ ಒಣಗಿಸಿ ಎನ್ನುತ್ತಾರೆ. ಅಲ್ಲಿ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದಂತೆ. ಇಲ್ಲಿ ಆಟಿ ತಿಂಗಳಲ್ಲಿ ಭರಣಿಯ ಉಪ್ಪೇ ನೀರಾಗುತ್ತದೆ. ಉಪ್ಪುಹಿಟ್ಟಿನ ಬನ್ ಗಾಳಿಯ ತೇವವನ್ನೆಲ್ಲ ಹೀರಿ ಬೆವರುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಮೇಣದ್ದಾದರೆ ಮಳೆಗಾಲ ಕಳೆಯುತ್ತದೆ, ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ನಮ್ಮ ಹವೆಗೆ ತಕ್ಕದ್ದೆಂದು ನಾನು ನೆಚ್ಚಿಕೊಂಡಿರುವುದು ಕೋಲ್ಡ್ ಪೋರ್ಸಲಿನ್ ಎನ್ನುವ ಹಿಟ್ಟು. ಹೆಸರು ದೊಡ್ಡದು, ಸಾಮಾನು ಸಣ್ಣದು: ಕಾರ್ನ್‌ಫ್ಲೋರ್ ಮತ್ತು ಬಿಳಿ ಫೆವಿಕಾಲ್ ಸಮಸಮ, ಬೂಷ್ಟು ಬಾರದ ಹಾಗೆ ಸ್ವಲ್ಪ ಲಿಂಬೆರಸ, ಕೈಗೆ ಅಂಟದ ಹಾಗೆ ಒಂದಿಷ್ಟು ಎಣ್ಣೆ. ಸಣ್ಣ ಉರಿಯಲ್ಲಿ ಮಗುಚುತ್ತಾ ಇರಬೇಕು. ಹಾಲುಬಾಯಿ ತಳ ಬಿಡುವ ಹಾಗೆ ಬಾಣಲೆ ಬಿಟ್ಟು ಉಂಡೆಕಟ್ಟಿದಾಗ ಇಳಿಸಿ, ಬಿಸಿ ಇರುವಾಗಲೇ ನಾದಬೇಕು. ಒಣಗಿದ ಮೇಲೆ ಕುಗ್ಗುತ್ತದಾದ್ದರಿಂದ ಬನ್ಸನ್ನು ಬೇಕಾದದ್ದಕ್ಕಿಂತ ಒಂದು ಸುತ್ತು ದೊಡ್ಡದಾಗಿಯೇ ತಟ್ಟುತ್ತೇನೆ. ಮೇಲೆ ವಾರ್ನಿಷ್ ಕೊಟ್ಟುಬಿಟ್ಟರೆ ಮಳೆಗಾಲಕ್ಕೂ ಜಗ್ಗುವುದಿಲ್ಲ.

ಗೋಳಿಬಜೆ ಮಾಡುವಾಗ ಗೊತ್ತಾದದ್ದು, ಸುಳ್ಳು ಗೋಳಿಬಜೆ ಮಾಡಲಿಕ್ಕೂ ನಿಜದ್ದನ್ನು ಎಣ್ಣೆಗೆ ಬಿಡಲು ಬರಬೇಕು. ಉಂಡೆಕಟ್ಟಿ ಬಣ್ಣ ಹಚ್ಚಿದರೆ ಅದು ಯಾರೂ ತಿನ್ನದ ಪರದೇಶಿ ಉಂಡೆ. ನಿಜವಾದ ಗೋಳಿಬಜೆಗೆ ಒಂದು ಸಣ್ಣ ಬಾಲ ಇರುತ್ತದೆ. ಹುಳಿಮಜ್ಜಿಗೆಯಲ್ಲಿ ಕಲಸಿದ ಮೈದಾ ಬೆರಳ ತುದಿಯಿಂದ ಜಾರುವಾಗ ಕೊನೆಯ ಎಳೆ ಬೆರಳನ್ನು ಬಿಡಲೊಲ್ಲದೆ ಎಳೆದುಕೊಂಡು ಎಣ್ಣೆಗೆ ಬೀಳುತ್ತದಲ್ಲ, ಆ ಬಾಲ. ಕೆಲವಕ್ಕೆ ಎರಡು. ಎಣ್ಣೆಯಲ್ಲಿ ತಾನಾಗಿ ಮಗುಚಿಕೊಂಡ ಕಡೆ ನಡುವಿನಲ್ಲಿ ತಿಳಿ ಬಣ್ಣದ ಒಂದು ಪಟ್ಟಿ. ಆದ್ದರಿಂದ ನಾನು ಹಿಟ್ಟನ್ನು ಸ್ವಲ್ಪ ತೆಳ್ಳಗೆ ಇಟ್ಟುಕೊಂಡು, ಬಾಣಲೆಗೆ ಬಿಡುವ ಕೈಯಲ್ಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಡುತ್ತೇನೆ. ಬಣ್ಣಕ್ಕೆ ಪೇಂಟ್ ಬೇಡ. ಕಂದು, ಹಳದಿ ಪ್ಯಾಸ್ಟಲ್ ಕಡ್ಡಿಗಳನ್ನು ಬ್ಲೇಡಿನಿಂದ ಹೆರೆದು ಪುಡಿಮಾಡಿ, ಒಣ ಕುಂಚದಲ್ಲಿ ಉಬ್ಬಿದ ಕಡೆ ಹೆಚ್ಚು, ತಗ್ಗಿನ ಕಡೆ ಕಡಿಮೆ ಸವರಿದರೆ ಎಣ್ಣೆಯಲ್ಲಿ ಬೆಂದ ಬಣ್ಣ ಬರುತ್ತದೆ.

ದೊಡ್ಡಮ್ಮ ಒಮ್ಮೆ ಬಂದಿದ್ದಾಗ ಕಪಾಟಿನ ಎದುರು ನಿಂತು ತುಂಬ ಹೊತ್ತು ನೋಡಿದರು. “ಈ ತಟ್ಟೆಯದ್ದು ಒಳ್ಳೇದುಂಟು. ಆಚೆಯದ್ದಕ್ಕೆ ಎಣ್ಣೆ ಕಾಯುವ ಮೊದಲೇ ಹಾಕಿದ್ದಾರೆ ನೋಡು, ಎಣ್ಣೆ ಕುಡಿದಿದೆ,” ಎಂದರು. ಅದು ಹಿಟ್ಟಲ್ಲ ದೊಡ್ಡಮ್ಮ, ಫೆವಿಕಾಲ್ ಎಂದೆ. “ಗೊತ್ತುಂಟು ಮಾರಾಯ್ತಿ. ಆದ್ರೂ ಎಣ್ಣೆ ಕುಡಿದಿದೆ.” ನನ್ನ ಕೆಲಸವನ್ನು ಯಾರೂ ಅದಕ್ಕಿಂತ ಚೆನ್ನಾಗಿ ತೂಗಿ ನೋಡಿಲ್ಲ. ಆಚೆಯ ತಟ್ಟೆಗೆ ವಾರ್ನಿಷ್ ಒಂದು ಕೈ ಹೆಚ್ಚು ಬಿದ್ದಿತ್ತು. ಐವತ್ತು ವರ್ಷ ಒಲೆಯ ಮುಂದೆ ನಿಂತ ಕಣ್ಣಿಗೆ ಹೊಳಪಿನ ದಪ್ಪವೇ ಎಣ್ಣೆಯ ಬಿಸಿಯನ್ನು ಹೇಳುತ್ತದೆ.

ನೀರುದೋಸೆಗೆ ಬೇರೆ ದಾರಿ. ಗಾಜಿನ ಮೇಲೆ ಒಂದು ದೋಸೆ ಹಾಸಿ ಅದರ ಮೇಲೆ ಪ್ಲಾಸ್ಟರ್ ಹೊಯ್ಯುತ್ತೇನೆ. ಒಂದು ದೋಸೆ ಅಲ್ಲಿಗೆ ಹೋಯಿತು. ಪ್ಲಾಸ್ಟರಿನಲ್ಲಿ ಅದರ ಕಣ್ಣುಗಳೆಲ್ಲ ಅಚ್ಚಾಗಿ ಉಳಿಯುತ್ತವೆ. ಅದು ಒಣಗಿದ ಮೇಲೆ ವ್ಯಾಸಲಿನ್ ಸವರಿ, ಬಣ್ಣವಿಲ್ಲದ ಸಿಲಿಕೋನಿಗೆ ಸೂಜಿಮೊನೆಯಷ್ಟು ಬಿಳಿ ಬೆರೆಸಿ, ಕುಂಚದಲ್ಲಿ ತೆಳ್ಳಗೆ ಬಳಿಯುತ್ತೇನೆ. ಎಲ್ಲ ಗುಟ್ಟು ಆ ಬಿಳಿಯ ಅಳತೆಯಲ್ಲಿದೆ. ಹೆಚ್ಚಾದರೆ ಮೇಜಿಗೆ ಹಾಸುವ ಪ್ಲಾಸ್ಟಿಕ್, ಕಡಿಮೆಯಾದರೆ ಮೀನಿನ ಗಾಳಿಚೀಲ. ತಟ್ಟೆಯ ನೀಲಿ ಗೆರೆ ಅಡಿಯಿಂದ ಕಂಡೂ ಕಾಣದ ಹಾಗೆ ಇರಬೇಕು. ಪೂರ್ತಿ ಗಟ್ಟಿಯಾಗುವ ಮೊದಲೇ ಎಬ್ಬಿಸಿ ಮಡಚಿಟ್ಟರೆ ಮಡಿಕೆ ದೋಸೆಯದ್ದೇ ಆಗಿ ಕೂರುತ್ತದೆ. ಆಮೇಲೆ ಮಡಚಿದರೆ ಬಟ್ಟೆಯ ಮಡಿಕೆ. ಫೋಟೊಕ್ಕೆ ಇಡುವಾಗ ಮೇಲೆ ಗ್ಲಿಸರಿನ್ ಬೆರೆಸಿದ ನೀರು ಸಿಂಪಡಿಸುತ್ತೇವೆ. ಬರೀ ನೀರು ಲೈಟಿನ ಬಿಸಿಗೆ ಆರಿಹೋಗುತ್ತದೆ, ಗ್ಲಿಸರಿನ್ ಇದ್ದರೆ ಹನಿ ಹನಿಯಾಗಿಯೇ ನಿಲ್ಲುತ್ತದೆ.

ಮೀನಿನ ವಿಷಯದಲ್ಲಿ ನಮ್ಮ ಊರಿನಷ್ಟು ಅನುಕೂಲ ಬೇರೆಲ್ಲೂ ಇರಲಿಕ್ಕಿಲ್ಲ, ಪರೀಕ್ಷೆಯೂ ಇಷ್ಟು ಕಠಿಣ ಇರಲಿಕ್ಕಿಲ್ಲ. ಅನುಕೂಲ ಎಂದದ್ದು ದಂತವೈದ್ಯ ಕಾಲೇಜುಗಳಿಂದಾಗಿ. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿ ಕಡಲ ಪಾಚಿಯಿಂದ ಬರುವಂಥದ್ದು. ನೀರಲ್ಲಿ ಕಲಸಿದರೆ ಕೆಲವೇ ನಿಮಿಷಗಳಲ್ಲಿ ರಬ್ಬರಿನಂತಾಗುತ್ತದೆ. ಮಂಗಳೂರಿನಲ್ಲಿ ಹಲ್ಲಿನ ಕಾಲೇಜು ಒಂದೆರಡಲ್ಲವಾದ್ದರಿಂದ ಆ ಪುಡಿ, ಅಚ್ಚಿಗೆ ಹೊಯ್ಯುವ ಡೆಂಟಲ್ ಸ್ಟೋನ್ ಎರಡಕ್ಕೂ ಬರವಿಲ್ಲ. ಬಂಗುಡೆಯನ್ನು ಜೇಡಿಮಣ್ಣಿನ ಹಾಸಿನಲ್ಲಿ ಅರ್ಧ ಹೂತು, ಮೇಲೆ ಆಲ್ಜಿನೇಟ್ ಹೊಯ್ದು, ಮೀನನ್ನು ಎತ್ತಿ, ತಡಮಾಡದೆ ಸ್ಟೋನ್ ತುಂಬಬೇಕು. ತಡವಾದರೆ ಆಲ್ಜಿನೇಟ್ ಒಣಗಿ ಕುಗ್ಗಿ ಬಂಗುಡೆ ಬೂತಾಯಿಯಾಗುತ್ತದೆ. ಚಿಪ್ಪು ಚಿಪ್ಪೂ, ಬಾಯಿಯ ಅಂಚಿನ ತೆಳ್ಳನೆ ಎಲುಬೂ ಮೂಡಿ ಬಂದಿರುತ್ತದೆ.

ಇನ್ನು ಬಣ್ಣ. ಒಂದು ಸ್ಟುಡಿಯೊದವರು ಹೊರದೇಶದಿಂದ ಪ್ಲಾಸ್ಟಿಕ್ ಬಂಗುಡೆ ತರಿಸಿದ್ದರು, ತುಂಬ ಬೆಲೆಯದ್ದು. ಅದನ್ನು ಸ್ಟೇಟ್ ಬ್ಯಾಂಕ್ ಹತ್ತಿರದ ಮಾರ್ಕೆಟಿನಲ್ಲಿ ನಾನು ಮೀನು ಕೊಳ್ಳುವ ಅಕ್ಕನಿಗೆ ತೋರಿಸಿದೆ. ಕೈಗೆ ತೆಗೆದುಕೊಳ್ಳಲೂ ಇಲ್ಲ. “ಇದೆಂತ ಅಕ್ಕ, ಬಂಗುಡೆಗೆ ಹುಲಿವೇಷ ಹಾಕಿದ್ದಾರೆ!” ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅಟ್ಲಾಂಟಿಕ್ ಸಮುದ್ರದ ಮ್ಯಾಕರೆಲ್‌ಗೆ ಬೆನ್ನಿನ ಮೇಲೆ ಅಡ್ಡಡ್ಡ ಅಲೆಯಂಥ ಕಪ್ಪು ಪಟ್ಟೆಗಳಿರುತ್ತವೆ. ನಮ್ಮ ಬಂಗುಡೆಯ ಗೆರೆಗಳು ತಲೆಯಿಂದ ಬಾಲದ ಕಡೆಗೆ ಉದ್ದುದ್ದ ಹೋಗುತ್ತವೆ, ಮೀನು ತಾಜಾ ಇದ್ದಾಗ ಆ ಗೆರೆಗಳಲ್ಲಿ ಚಿನ್ನದ ಛಾಯೆ ಇರುತ್ತದೆ, ಪಕ್ಕದ ರೆಕ್ಕೆಯ ಅಡಿಗೆ ಒಂದು ಕಪ್ಪು ಚುಕ್ಕೆ. ಇಂಗ್ಲಿಷಿನಲ್ಲಿ ಎರಡಕ್ಕೂ ಮ್ಯಾಕರೆಲ್ ಎಂದೇ ಹೇಳುತ್ತಾರೆ. ಮೀನು ಇಳಿಯುವ ಧಕ್ಕೆಯ ಜನ ಮಾತ್ರ ಮೋಸ ಹೋಗುವುದಿಲ್ಲ. ನಾನು ಮೀನಿಗೆ ಬಣ್ಣ ಹಚ್ಚುವುದು ಬೆಳಗ್ಗೆ, ಪಕ್ಕದಲ್ಲಿ ನಿಜವಾದ ಬಂಗುಡೆ ಇಟ್ಟುಕೊಂಡು. ಮಧ್ಯಾಹ್ನ ಅದು ಪುಳಿಮುಂಚಿ ಆಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ತಾಜಾ ಬಂಗುಡೆ ಸಿಗುವುದು ಕಷ್ಟ. ಆಗ ಈ ಕಲ್ಲಿನ ಬಂಗುಡೆಗಳಿಗೆ ಕೈತುಂಬ ಕೆಲಸ.

ತಿನ್ನಲಾಗದ ತಿಂಡಿ ಮಾಡುವುದು ಹೊಸ ಹುಚ್ಚೆಂದು ಯಾರಾದರೂ ಅಂದರೆ ನಾನು ಗೋಕಾಕದ ಕಡೆ ತೋರಿಸುತ್ತೇನೆ. ಕರದಂಟಿನ ಊರು ಎಂದು ನಾವು ತಿಳಿದಿರುವ ಗೋಕಾಕಕ್ಕೆ ಮರದ ಹಣ್ಣು-ತರಕಾರಿಗಳ ಹೆಸರೂ ಇದೆ. ಹಗುರ ಮರದಲ್ಲಿ ಕೆತ್ತಿ ಬಣ್ಣ ಕೊಟ್ಟ ಆ ಬಾಳೆಹಣ್ಣು, ಬದನೆಕಾಯಿಗಳು ಎಷ್ಟೋ ಮನೆಗಳ ಷೋಕೇಸಿನಲ್ಲಿ ಕೂತಿವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಮರದ ಪುಡಿ, ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿನಾರು, ಹುಣಸೆಬೀಜದ ಅಂಟು ಸೇರಿಸಿ ಕಿಟ್ಟ ಮಾಡಿ ಅದರಿಂದ ಬೊಂಬೆಗಳ ಮೈ ತುಂಬುತ್ತಾರೆ. ನನ್ನ ಬಾಣಲೆಯ ಫೆವಿಕಾಲ್-ಕಾರ್ನ್‌ಫ್ಲೋರ್ ಆ ಕಿಟ್ಟದ ದೂರದ ಸಂಬಂಧಿ ಎಂದು ನನಗೆ ಹೆಮ್ಮೆ. ಜಪಾನಿನಲ್ಲಿ ತಿನ್ನಲಾಗದ ತಿನಿಸು ಮಾಡುವುದು ಒಂದು ದೊಡ್ಡ ಉದ್ಯಮವೇ. ಗುಜೊ ಹಾಚಿಮಾನ್ ಎಂಬ ಊರಿನ ಇವಾಸಾಕಿ ತಾಕಿಜೊ 1932ರಲ್ಲಿ ಒಸಾಕಾದಲ್ಲಿ ಮೇಣದ ತಿನಿಸುಗಳ ವ್ಯವಹಾರ ಶುರುಮಾಡಿದ. ಅವನ ಮೊದಲ ಹೆಸರುವಾಸಿ ಕೃತಿ ಒಂದು ಆಮ್ಲೆಟ್. ಹೋಟೆಲಿನ ಬಾಗಿಲಲ್ಲಿ ಗಾಜಿನೊಳಗೆ ಇಂದಿನ ಊಟ ಹೀಗಿದೆ ಎಂದು ತೋರಿಸುವುದು ಅದರ ಉದ್ದೇಶ. ಬಿಸಿನೀರಿನ ಮೇಲೆ ಹಳದಿ ಮೇಣ ಚಿಮುಕಿಸಿ ಕ್ಷಣದಲ್ಲಿ ತೆಂಪುರಾದ ಗರಿಗರಿ ಕವಚ ಮಾಡುವುದನ್ನು ನೋಡಿದರೆ, ಅವರೂ ಬಾಣಲೆಯ ಮುಂದೆ ನಿಂತವರೇ ಎಂದು ತಿಳಿಯುತ್ತದೆ. ಭಾಷೆ ಗೊತ್ತಿಲ್ಲದವನೂ ಬೆರಳು ತೋರಿಸಿ ಊಟ ಹೇಳಬಹುದು. ಅದರಲ್ಲಿ ಯಾರಿಗೂ ವಂಚನೆ ಇಲ್ಲ.

ಆದರೆ ಈ ಕೆಲಸದಲ್ಲಿ ವಂಚನೆ ಎಲ್ಲಿ ಶುರುವಾಗುತ್ತದೆ ಎನ್ನುವುದು ನನಗೆ ದಿನವೂ ಎದುರಾಗುವ ಪ್ರಶ್ನೆ. ಅದಕ್ಕೆ ನಾನು ಮೊದಲು ನೆನೆಯುವುದು ಜನ್ನನನ್ನು. 1209ರ ಅವನ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿ ಮಗನಿಗೆ ದೇವಿಗೆ ಬಲಿ ಕೊಡಲು ಹೇಳುತ್ತಾಳೆ. ಜೀವಹಿಂಸೆ ಒಲ್ಲದ ಯಶೋಧರ ಕೊನೆಗೆ ಹಿಟ್ಟಿನ ಹುಂಜಕ್ಕೆ ಒಪ್ಪುತ್ತಾನೆ. ಹುಂಜ ಅಷ್ಟು ಚೆನ್ನಾಗಿ ಆಗಿತ್ತು. ಕತ್ತಿ ಬಿದ್ದಾಗ ಅದರೊಳಗೆ ಹೊಕ್ಕಿದ್ದ ಬೆಂತರ ಕೂಗಿಬಿಟ್ಟಿತು. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ಇತ್ತಲ್ಲ ಎಂದು ತಾಯಿ ಮಗ ಇಬ್ಬರೂ ಜನ್ಮಜನ್ಮ ತೊಳಲುತ್ತಾರೆ. ಅದೇ ಹದಿಮೂರನೆಯ ಶತಮಾನದಲ್ಲಿ ನಮ್ಮ ಉಡುಪಿಯಲ್ಲಿ ಮಧ್ವಾಚಾರ್ಯರು ಯಜ್ಞಕ್ಕೆ ಜೀವಂತ ಪಶುವಿನ ಬದಲು ಹಿಟ್ಟಿನ ಪಶು ಸಾಕೆಂದರು; ಅಲ್ಲಿ ಹಿಟ್ಟು ಪ್ರಾಣಿಯ ಜೀವ ಉಳಿಸಿತು. ಹಿಟ್ಟು ಎರಡೂ ಕಡೆ ಹಿಟ್ಟೇ. ಕೈಯಲ್ಲಿ ಬೊಂಬೆಯೊಂದು ಅಚ್ಚುಕಟ್ಟಾಗಿ ಮೂಡಿದಾಗಲೆಲ್ಲ ಆ ಹುಂಜದ ಕೂಗು ನನ್ನ ಕಿವಿಯಲ್ಲಿರುತ್ತದೆ: ಇದನ್ನು ಯಾರಿಗೆ, ಏನೆಂದು ನಂಬಿಸಲು ಮಾಡುತ್ತಿದ್ದೇನೆ?

ಅಮೆರಿಕದ ಸುಪ್ರೀಂ ಕೋರ್ಟು 1965ರಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಕೇಳಿತ್ತು. ಕೋಲ್ಗೇಟ್-ಪಾಮಾಲಿವ್ ಕಂಪನಿಯ ಶೇವಿಂಗ್ ಕ್ರೀಮ್ ಮರಳುಕಾಗದವನ್ನೂ ಮೆತ್ತಗೆ ಮಾಡುತ್ತದೆಂದು ಟಿವಿಯಲ್ಲಿ ತೋರಿಸಿದ್ದರು. ತೋರಿಸಿದ್ದು ಮರಳು ಉದುರಿಸಿದ ಪ್ಲಾಸ್ಟಿಕ್ ಗಾಜು. ಅದು ವಂಚನೆ ಎಂದಿತು ಕೋರ್ಟು. ಲೈಟಿನ ಬಿಸಿಗೆ ಐಸ್‌ಕ್ರೀಂ ಕರಗುತ್ತದೆಂದು ಆಲೂಗಡ್ಡೆ ಮುದ್ದೆ ಇಡುವ ಪ್ರಶ್ನೆಯೂ ಅಲ್ಲಿ ಬಂತು. ಮಾರುವ ವಸ್ತುವಿನ ಗುಣಕ್ಕೆ ಆ ಮುದ್ದೆಯನ್ನೇ ಸಾಕ್ಷಿಯಾಗಿ ತೋರಿಸದಿದ್ದರೆ ಅಡ್ಡಿಯಿಲ್ಲ ಎನ್ನುವುದು ತೀರ್ಪಿನ ಧಾಟಿ. ಅದಾದ ಮೇಲೂ ಕ್ಯಾಂಪ್‌ಬೆಲ್ ಸೂಪ್ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿ ಹಾಕಿ ತರಕಾರಿ ಮೇಲೆದ್ದು ಕಾಣುವ ಹಾಗೆ ಮಾಡಿದ್ದರು. ಅಲ್ಲಿನ ವಾಣಿಜ್ಯ ಆಯೋಗ ಅದನ್ನು ನಿಲ್ಲಿಸಿತು. ಬಟ್ಟಲಿನಲ್ಲಿದ್ದ ಸೂಪ್ ನಿಜ, ತರಕಾರಿಯೂ ನಿಜ. ಸುಳ್ಳಾದದ್ದು ಎಷ್ಟಿದೆ ಎನ್ನುವ ಲೆಕ್ಕ. ನಮ್ಮಲ್ಲೂ ಆಹಾರದ ಜಾಹೀರಾತು ದಾರಿ ತಪ್ಪಿಸಬಾರದೆಂದು 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂದಿದೆ.

ಒಂದು ಐಸ್‌ಕ್ರೀಂ ಪಾರ್ಲರಿನವರು ಮೆನು ಕಾರ್ಡಿಗೆ ಡಮ್ಮಿ ಗಡ್‌ಬಡ್ ಬೇಕೆಂದರು. ಐಸಿಂಗ್ ಸಕ್ಕರೆ, ವನಸ್ಪತಿ, ಲಿಕ್ವಿಡ್ ಗ್ಲುಕೋಸ್ ನಾದಿ ಸ್ಕೂಪ್ ಎತ್ತಿದರೆ ಕರಗದ ಐಸ್‌ಕ್ರೀಂ ಸಿದ್ಧ. ಸ್ಕೂಪಿನ ಬುಡದಲ್ಲಿ ಹರಿದ ಅಂಚು ಸಮೇತ ಬರುತ್ತದೆ. ಮಾಡಲಾರೆ ಎಂದೆ. ಇದು 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ‘ಐಡಿಯಲ್’ ಐಸ್‌ಕ್ರೀಂ ಅಂಗಡಿ ಬಾಗಿಲು ತೆರೆದ ಊರು. ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಂ ಪದರ ಪದರವಾಗಿ ಇಳಿದು, ಕರಗಿದ ಗುಲಾಬಿ ನಡುವಿನ ಹಳದಿಗೆ ಹರಿಯುವುದನ್ನು ಮೂರು ತಲೆಮಾರು ನೋಡಿವೆ. ಆ ಹರಿಯುವಿಕೆಯೇ ಗಡ್‌ಬಡ್. ಗಿರಾಕಿ ದುಡ್ಡು ಕೊಡುವುದು ಅದಕ್ಕೆ, ಆದ್ದರಿಂದ ಚಿತ್ರದಲ್ಲಿ ಇರಬೇಕಾದ್ದೂ ಅದೇ. ಡಮ್ಮಿಯನ್ನು ಲೈಟಿಗೆ ಮಾತ್ರ ಕೊಡುತ್ತೇನೆ, ಕೊನೆಗೆ ನಿಜವಾದದ್ದು ಬರಲಿ ಎಂದೆ. ಹಾಗೇ ಮಾಡಿದೆವು. ಗ್ಲಾಸನ್ನು ಮೊದಲೇ ಫ್ರೀಜರಿನಲ್ಲಿಟ್ಟು, ಡಮ್ಮಿ ನಿಂತ ಜಾಗಕ್ಕೆ ಗುರುತು ಮಾಡಿ, ಅದನ್ನು ತೆಗೆದು ಅದೇ ಗುರುತಿನ ಮೇಲೆ ನಿಜವಾದದ್ದನ್ನು ತಂದಿಟ್ಟೆವು. ಗುಲಾಬಿ ಹಳದಿಗೆ ಇಳಿಯುವ ಆ ಒಂದು ಗಳಿಗೆ ಸಿಕ್ಕಿತು.

ಸ್ಟುಡಿಯೊದಲ್ಲಿ ಇದು ಎಲ್ಲರೂ ಬಲ್ಲ ಕ್ರಮ. ಕೊನೆಗೆ ಬರುವ ನಿಜವಾದ ತಟ್ಟೆಗೆ ‘ಹೀರೊ’ ಎನ್ನುತ್ತಾರೆ. ನನಗೆ ಈ ಕ್ರಮದ ಮೇಲೆ ಪ್ರೀತಿ ಬರಲು ಇನ್ನೊಂದು ಕಾರಣ ಇದೆ. ಡಮ್ಮಿ ಇಲ್ಲದ ಕಡೆ ನಿಜವಾದ ಅಡುಗೆಯನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ, ಅದಕ್ಕೆ ಗ್ಲಿಸರಿನ್, ಬೂಟ್ ಪಾಲಿಷ್, ಮೆಷಿನ್ ಎಣ್ಣೆ ಸವರುತ್ತಾರೆ, ಸಂಜೆ ಎಲ್ಲ ಕಸದ ಬುಟ್ಟಿಗೆ. ಅನ್ನ ಚೆಲ್ಲಬಾರದೆಂದು ಅಗುಳು ಅಗುಳು ಆರಿಸಿ ಬೆಳೆದವಳಿಗೆ ಅದನ್ನು ನೋಡಲಾಗುವುದಿಲ್ಲ. ತಿನ್ನುವುದನ್ನು ತಿನ್ನಲಾಗದ ಹಾಗೆ ಕೆಡಿಸುವುದಕ್ಕಿಂತ ತಿನ್ನಬಾರದ್ದರಿಂದಲೇ ತಿಂಡಿ ಮಾಡುವುದು ಎಷ್ಟೋ ಮೇಲು. ನಾನಿರುವ ಕಡೆ ಸಿಲಿಕೋನ್ ದೋಸೆ ಬೆಳಗ್ಗಿನಿಂದ ಲೈಟಿನ ಕೆಳಗೆ ಕೂತಿರುತ್ತದೆ. ಎಲ್ಲ ಸರಿಯಾಯಿತೆಂದಾಗ ಒಳಗೆ ಕೂಗಿ ಹೇಳುತ್ತೇವೆ, “ಅಕ್ಕ, ದೋಸೆ ಎರೆಯಿರಿ.” ನಿಜವಾದ ದೋಸೆ ಓಡಿಬರುತ್ತದೆ, ಅದರ ಹಬೆ ಆರುವುದರೊಳಗೆ ಫೋಟೊ ಆಗಿರುತ್ತದೆ. ಆಮೇಲೆ ಬೆಲ್ಲ-ಕಾಯಿತುರಿ ತಂದು, ಲೈಟ್ ಹಿಡಿದ ಹುಡುಗನಿಂದ ಹಿಡಿದು ಎಲ್ಲರೂ ತಿನ್ನುತ್ತಾರೆ.

ಎಲ್ಲಕ್ಕೂ ಡಮ್ಮಿ ಬೇಕಿಲ್ಲ. ಕೋರಿರೊಟ್ಟಿಯ ರೊಟ್ಟಿ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಲೈಟಿನ ಕೆಳಗೂ ಇರುತ್ತದೆ. ಗಸಿಯನ್ನು ಕೊನೆಗೆ ಹೊಯ್ದರಾಯಿತು. ಬಾಳೆಎಲೆಗೆ ಬಟ್ಟೆಯ ಎಲೆ ಮಾರುತ್ತಾರೆ, ಈ ಊರಲ್ಲಿ ಅದನ್ನು ಯಾಕೆ ಕೊಳ್ಳಬೇಕೋ. ಹಿತ್ತಿಲಿಗೆ ಹೋಗಿ ಇನ್ನೊಂದು ಕೊಯ್ದು ತಂದರೆ ಮುಗಿಯಿತು.

ಈಚೆಗೆ ಬಂದಿರುವ ಕೆಲಸಕ್ಕೆ ಕ್ಯಾಮೆರಾದ ಸಂಬಂಧವೇ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಪಥ್ಯ ಹೇಳುವ ಡಯಟೀಷಿಯನ್ ಒಬ್ಬರು ಕಪಾಟು ನೋಡಿ ಹೋದರು. ಎಷ್ಟು ತಿನ್ನಬೇಕೆಂದು ತೋರಿಸಲು ಅವರ ಬಳಿ ರಬ್ಬರಿನ ತಿನಿಸುಗಳಿವೆ, ಆದರೆ ಅದರಲ್ಲಿರುವುದು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಬೆಳ್ತಿಗೆ ಅನ್ನ. ಉಳ್ಳಾಲದಿಂದಲೋ ಬಜ್ಪೆಯಿಂದಲೋ ಬಂದ ಅಜ್ಜಿಗೆ ಅದು ಬೇರೆಯವರ ಊಟ. ಅವರಿಗೆ ಬೇಕಾದದ್ದು ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಒಂದು ತುಂಡು ಪತ್ರೊಡೆ, ಬಸಳೆ, ಮಸಾಲೆ ಹಚ್ಚಿ ಕಾಯಿಸಿದ ಬಂಗುಡೆ. ಮುಟ್ಟಿ ನೋಡಿ “ಇಷ್ಟಾ?” ಎಂದು ಕೇಳುವ ಹಾಗೆ ಇರಬೇಕು.

ಬಂಗುಡೆ, ಪತ್ರೊಡೆ, ಬಸಳೆ ಆಯಿತು. ಕುಚ್ಚಲಕ್ಕಿಗೆ ಹಿಟ್ಟನ್ನು ಸೇವಿಗೆ ಒರಳಿನಲ್ಲಿ ಒತ್ತಿ, ಓರೆಯಾಗಿ ಕತ್ತರಿಸಿ, ಬೆಂದ ಅಗುಳು ನಡುವೆ ಬಿರಿಯುತ್ತದಲ್ಲ, ಆ ಬಿರುಕನ್ನು ಸೂಜಿಯಿಂದ ಒಂದೊಂದಕ್ಕೂ ಮಾಡಬೇಕು. ಆಮೇಲೆ ಅರ್ಧ ಹೋದ ತವುಡಿನ ಕೆಂಪು ಗೆರೆ. ಇನ್ನೂ ಉಳಿದಿರುವುದು ಗಂಜಿಯ ತೆಳಿ. ತಿಳಿ ರೆಸಿನ್ ಬಟ್ಟಲಲ್ಲಿ ನೀರಿನ ಹಾಗೆಯೇ ಕಾಣುತ್ತದೆ, ಬಿಳಿ ಒಂದು ಹನಿ ಹೆಚ್ಚಾದರೆ ಮಜ್ಜಿಗೆ. ಕೆಂಪು ಮಣ್ಣಿನ ಪುಡಿ ಸೋಸಿ ಹಾಕಿ ನೋಡುತ್ತಿದ್ದೇನೆ. ದೊಡ್ಡಮ್ಮ ಭಾನುವಾರ ಬರುತ್ತಾರೆ, ಅಷ್ಟರೊಳಗೆ ಒಂದು ಬಟ್ಟಲಾದರೂ ಸರಿಯಾಗಿ ಗಟ್ಟಿಯಾಗಬೇಕು.